ಗೆಲಾಕ್ಸಿಯ ತಟ್ಟೆಗಿಂತ ಮೇಲೆ ಅನಿಲವಿದೆ ಎಂದು ಹೇಗೆ ಗೊತ್ತಾಗುತ್ತದೆ?

ದೂರದರ್ಶಕಕ್ಕೆ ಸಿಗುವುದು ಚಪ್ಪಟೆಯಾದ ಚಿತ್ರವೇ ಆಗಿರುವಾಗ, ಒಂದು ಪಾಲು ಜಲಜನಕ ಗೆಲಾಕ್ಸಿಯ ತಟ್ಟೆಯೊಳಗಿಲ್ಲ (ನಕ್ಷತ್ರಗಳೂ ಅನಿಲವೂ ಸುತ್ತುತ್ತಿರುವ ಚಪ್ಪಟೆ ಭಾಗವೇ ತಟ್ಟೆ), ಅದರಿಂದ ಮೇಲೆದ್ದು ನಿಂತಿದೆ ಎಂದು ಯಾವ ಆಧಾರದ ಮೇಲೆ ಹೇಳುತ್ತೀರಿ ಎಂದು ಈ ವಿಷಯ ಬಂದಾಗಲೆಲ್ಲ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆ ಆಧಾರ ಚಿತ್ರದಲ್ಲಿರುವುದಕ್ಕಿಂತ ಹೆಚ್ಚಾಗಿ ಅನಿಲದ ವೇಗದಲ್ಲಿದೆ.

ತಟಸ್ಥ ಜಲಜನಕದ, ಎಂದರೆ ಎಲೆಕ್ಟ್ರಾನನ್ನು ಕಳೆದುಕೊಳ್ಳದ ಜಲಜನಕದ, ಪರಮಾಣು 21 ಸೆಂಟಿಮೀಟರ್ ತರಂಗಾಂತರದ, ಎಂದರೆ ಸುಮಾರು 1420 ಮೆಗಾಹರ್ಟ್ಸ್ ಆವರ್ತನದ, ರೇಡಿಯೋ ಅಲೆಯನ್ನು ಹೊಮ್ಮಿಸುತ್ತದೆ. ಒಂದೊಂದು ಪರಮಾಣು ತಾನಾಗಿ ಹೀಗೆ ಮಾಡಲು ಸರಾಸರಿ ಒಂದು ಕೋಟಿ ವರ್ಷ ಹಿಡಿದರೂ, ಪರಮಾಣುಗಳ ಸಂಖ್ಯೆ ಅಪಾರವಾಗಿರುವುದರಿಂದ ಅಲೆ ನಮಗೆ ಮುಟ್ಟುತ್ತದೆ. 1951ರಲ್ಲಿ ಹಾರ್ವರ್ಡ್‌ನಲ್ಲಿ ಯುವೆನ್ ಮತ್ತು ಪರ್ಸೆಲ್ ಅದನ್ನು ಮೊದಲು ಪತ್ತೆಹಚ್ಚಿದರು. ಅನಿಲ ನಮ್ಮತ್ತ ಬರುತ್ತಿದ್ದರೆ ಆವರ್ತನ ತುಸು ಏರುತ್ತದೆ, ದೂರ ಸರಿಯುತ್ತಿದ್ದರೆ ಇಳಿಯುತ್ತದೆ. ಹೀಗಾಗಿ ನಕ್ಷೆಯ ಪ್ರತಿಯೊಂದು ಬಿಂದುವಿನಲ್ಲೂ ಯಾವ ವೇಗದ ಅನಿಲ ಎಷ್ಟಿದೆ ಎಂಬುದು ದಾಖಲಾಗುತ್ತದೆ. ಈ ನಕ್ಷೆಯ ಮೂರನೆಯ ಅಕ್ಷ ಆಳವಲ್ಲ, ವೇಗ; ಗೊಂದಲವೆಲ್ಲ ಹುಟ್ಟುವುದು ಇಲ್ಲಿಂದಲೇ.

ಎನ್‌ಜಿಸಿ 891 ನಮಗೆ ಬಹುತೇಕ ಅಂಚಿನಿಂದ ಕಾಣುವ ಗೆಲಾಕ್ಸಿ. ದೂರ ಸುಮಾರು 3 ಕೋಟಿ ಜ್ಯೋತಿರ್ವರ್ಷ. ತಟ್ಟೆಯ ಮೇಲೂ ಕೆಳಗೂ ಅನಿಲ ಹರಡಿರುವುದು ಅಲ್ಲಿ ನೇರವಾಗಿಯೇ ಕಾಣುತ್ತದೆ. ಆದರೂ ಅನುಮಾನಕ್ಕೆ ಎಡೆಯುಂಟು: ತಟ್ಟೆಯ ಹೊರ ಅಂಚು ನಮ್ಮ ದೃಷ್ಟಿರೇಖೆಯ ದಿಕ್ಕಿನಲ್ಲಿ ಬಾಗಿದ್ದರೆ, ಆ ಬಾಗೇ ಮೇಲೆದ್ದ ಅನಿಲದಂತೆ ತೋರಬಹುದು. ಇದನ್ನು ಬಿಡಿಸುವುದು ವೇಗ. ಕೇಂದ್ರದ ಸಮೀಪಕ್ಕೆ ಎದುರಾಗಿ ಕಾಣುವ ಹೊರ ಅಂಚಿನ ಅನಿಲ ಬಹುಮಟ್ಟಿಗೆ ದೃಷ್ಟಿರೇಖೆಗೆ ಅಡ್ಡವಾಗಿ ಚಲಿಸುತ್ತಿರುವುದರಿಂದ, ಅದರ ವೇಗ ಇಡೀ ಗೆಲಾಕ್ಸಿಯ ಸರಾಸರಿ ವೇಗದ ಆಸುಪಾಸಿನಲ್ಲೇ ಇರಬೇಕು. ಅಲ್ಲಿ ಎತ್ತರದಲ್ಲಿ ದೊಡ್ಡ ಪರಿಭ್ರಮಣ ವೇಗ ಕಂಡುಬಂದರೆ ಆ ಅನಿಲ ಹೊರ ಅಂಚಿನದಲ್ಲ, ಒಳಭಾಗದ ಮೇಲೆಯೇ ಇರುವಂಥದ್ದು.

ಎನ್‌ಜಿಸಿ 2403ರಂತೆ ಓರೆಯಾಗಿ ಕಾಣುವ ಗೆಲಾಕ್ಸಿಗಳಲ್ಲಿ ಎತ್ತರ ಕಣ್ಣಿಗೆ ಬೀಳುವುದೇ ಇಲ್ಲ. ಅಲ್ಲಿ ಸ್ಥಾನ ಮತ್ತು ವೇಗವನ್ನು ಒಟ್ಟಿಗೆ ಗುರುತಿಸಿದ ನಕ್ಷೆಯಲ್ಲಿ, ತಟ್ಟೆಯ ಪ್ರಖರ ಪಟ್ಟಿಯಿಂದ ಕಡಿಮೆ ಪರಿಭ್ರಮಣ ವೇಗದ ಕಡೆಗೆ ಮಸುಕಾದ ಎಳೆಗಳು ಇಳಿಬಿದ್ದಿರುತ್ತವೆ. ಖಗೋಳಜ್ಞರು ಇದನ್ನು ‘ಗಡ್ಡ’ ಎಂದೇ ಕರೆಯುತ್ತಾರೆ. ತಟ್ಟೆಗಿಂತ ನಿಧಾನವಾಗಿ ಸುತ್ತುವ ಈ ಅನಿಲವೇ ತಟ್ಟೆಯಿಂದ ಮೇಲೆದ್ದದ್ದು ಎಂದು ತಿಳಿಯಲಾಗುತ್ತದೆ. ಇಂಥ ಕಡೆ ಎತ್ತರ ಅಳತೆಯಲ್ಲ, ಮಾದರಿಯಿಂದ ಬಂದ ತೀರ್ಮಾನ ಎಂಬುದನ್ನು ನಾನು ಒತ್ತಿ ಹೇಳುತ್ತೇನೆ.

ಅನಿಲ ಬಹಳ ಮಸುಕಾಗಿರುವುದು ಇನ್ನೊಂದು ತೊಡಕು. 2007ರಲ್ಲಿ ಪ್ರಕಟವಾದ ಎನ್‌ಜಿಸಿ 891ರ ನಕ್ಷೆಗಾಗಿ ನೆದರ್ಲೆಂಡ್ಸ್‌ನ ವೆಸ್ಟರ್‌ಬಾರ್ಕ್ ದೂರದರ್ಶಕ 200 ಗಂಟೆಗೂ ಹೆಚ್ಚು ಕಾಲ ಅದನ್ನೇ ನೋಡಬೇಕಾಯಿತು. ಅಲ್ಲಿ ಸುಮಾರು 30 ಪ್ರತಿಶತ ತಟಸ್ಥ ಜಲಜನಕ ತಟ್ಟೆಯ ಹೊರಗೆ ಕಂಡಿತು. ಮೇಲೇರಿದಂತೆ, ಪ್ರತಿ ಕಿಲೋಪಾರ್ಸೆಕ್‌ಗೆ (ಸುಮಾರು 3260 ಜ್ಯೋತಿರ್ವರ್ಷಕ್ಕೆ) ಸೆಕೆಂಡಿಗೆ ಸುಮಾರು 15 ಕಿಲೋಮೀಟರಿನಷ್ಟು, ಪರಿಭ್ರಮಣ ನಿಧಾನವಾಗುತ್ತಿತ್ತು. ಸೂಪರ್‌ನೋವಾಗಳು, ಎಂದರೆ ಸಿಡಿಯುವ ನಕ್ಷತ್ರಗಳು, ಚಿಮ್ಮಿಸಿದ ಅನಿಲ ಕಾರಂಜಿಯಂತೆ ಮೇಲೆ ಹೋಗಿ ಮರಳಿ ಬೀಳುತ್ತದೆ ಎಂಬ ವಿವರಣೆಯೊಂದರಿಂದಲೇ ಇಷ್ಟು ಹಿಂದುಳಿಕೆ ಬರುವುದಿಲ್ಲವಾದ್ದರಿಂದ, ನಿಧಾನವಾಗಿ ಸುತ್ತುವ ಹೊರಗಿನ ಅನಿಲವೂ ಬಂದು ಸೇರುತ್ತಿರಬೇಕೆಂಬ ವಾದ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.