ಒಬ್ಬಳೇ ಅಟ್ಲಾಂಟಿಕ್ ದಾಟಿದ್ದು

ಒಂಟಿಯಾಗಿ ಹಡಗಿನ ಪ್ರಯಾಣ ಮಾಡಬೇಕೆಂದು ಕೇಳಿದವರಿಗೆ ಟ್ರಾವೆಲ್ ಏಜೆಂಟರು ಮೊದಲು ತೋರಿಸುವುದು ದಿನಕ್ಕೊಂದು ಬಂದರು ಮುಟ್ಟುವ ಮೆಡಿಟರೇನಿಯನ್ ಅಥವಾ ಸಿಂಗಪುರದ ಕಡೆಯ ಕ್ರೂಸ್‌ಗಳನ್ನು. ನಡುವೆ ಎಲ್ಲಿಯೂ ನಿಲ್ಲದೆ ಒಂದು ಮಹಾಸಾಗರವನ್ನೇ ದಾಟುವ ಯಾನ ಒಬ್ಬರಿಗೆ ಬೇಸರ ತರಿಸೀತು ಎಂಬುದು ಅವರ ಎಣಿಕೆ. ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಕ್ವೀನ್ ಮೇರಿ 2 ಹಡಗಿನಲ್ಲಿ ಹೋದ ಮೇಲೆ ನನಗೆ ಅನ್ನಿಸಿದ್ದು ಇದಕ್ಕೆ ನೇರ ವಿರುದ್ಧವಾದುದು. ಬಂದರಿನಿಂದ ಬಂದರಿಗೆ ಹೋಗುವ ಹಡಗಿನಲ್ಲಿ ಬೆಳಗಾದರೆ ದಂಪತಿಗಳೂ ಕುಟುಂಬಗಳೂ ತಮ್ಮ ತಮ್ಮ ಗುಂಪು ಕಟ್ಟಿಕೊಂಡು ದಡಕ್ಕಿಳಿದುಬಿಡುತ್ತವೆ, ಹಿಂದಿನ ರಾತ್ರಿ ಊಟದಲ್ಲಿ ಆದ ಪರಿಚಯ ಬೆಳಗಿನ ಬಸ್ಸಿನ ಗದ್ದಲದಲ್ಲಿ ಕರಗಿಹೋಗುತ್ತದೆ. ಸಾಗರ ದಾಟುವ ಹಡಗಿನಲ್ಲಿ ಯಾರಿಗೂ ಇಳಿಯಲು ಜಾಗವಿಲ್ಲ, ನೋಡಿ ಮುಗಿಸಬೇಕಾದ ಊರುಗಳ ಪಟ್ಟಿಯಿಲ್ಲ. ಏಳು ರಾತ್ರಿ ಎಲ್ಲರೂ ಅಲ್ಲೇ ಇರುತ್ತಾರೆ, ಎಲ್ಲರ ಬಳಿಯೂ ಹೊತ್ತಿರುತ್ತದೆ. ಒಬ್ಬರೇ ಬಂದವರಿಗೆ ಬೇಕಾದದ್ದು ಅಷ್ಟೇ.

ಅಟ್ಲಾಂಟಿಕ್ಕನ್ನು ವೇಳಾಪಟ್ಟಿಯಂತೆ ದಾಟುತ್ತಿರುವ ಪ್ರಯಾಣಿಕರ ಲೈನರ್ ಎಂದು ಇಂದು ಉಳಿದಿರುವುದು ಇದೊಂದೇ. ಈ ಹಡಗಿನ ಕಂಪನಿಯನ್ನು ಕಟ್ಟಿದ ಸ್ಯಾಮ್ಯುಯೆಲ್ ಕ್ಯೂನಾರ್ಡ್ ಅವರ ಬ್ರಿಟಾನಿಯಾ ಎಂಬ ಉಗಿಹಡಗು 1840ರ ಜುಲೈ 4ರಂದು ಲಿವರ್‌ಪೂಲ್ ಬಿಟ್ಟು ಹ್ಯಾಲಿಫ್ಯಾಕ್ಸ್ ಮತ್ತು ಬಾಸ್ಟನ್‌ಗೆ ಹೊರಟಾಗ ಆರಂಭವಾದ ಸೇವೆಯ ಮುಂದುವರಿಕೆ ಇದು. 1952ರಲ್ಲಿ ಯುನೈಟೆಡ್ ಸ್ಟೇಟ್ಸ್ ಎಂಬ ಹಡಗು ಈ ಸಾಗರವನ್ನು 3 ದಿನ 10 ಗಂಟೆ 40 ನಿಮಿಷಗಳಲ್ಲಿ ದಾಟಿ ದಾಖಲೆ ಮಾಡಿತ್ತು. 1958ರ ಅಕ್ಟೋಬರಿನಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ಕಿನ ಮೇಲೆ ಹಾರಲು ತೊಡಗಿದಾಗ ಆ ವೇಗಕ್ಕೆ ಅರ್ಥವೇ ಉಳಿಯಲಿಲ್ಲ. ಕ್ವೀನ್ ಮೇರಿ 2 ಸುಮಾರು 30 ನಾಟ್ (ಗಂಟೆಗೆ ಸುಮಾರು 55 ಕಿಲೋಮೀಟರು) ವೇಗದಲ್ಲಿ ಓಡಬಲ್ಲದಾದರೂ, ಮೊದಲು ಆರು ರಾತ್ರಿಗಳಲ್ಲಿ ಮುಗಿಸುತ್ತಿದ್ದ ದಾರಿಗೆ ಈಗ ಏಳು ರಾತ್ರಿ ತೆಗೆದುಕೊಳ್ಳುತ್ತದೆ. ನಿಧಾನವಾಗಿ ಹೋದರೆ ಇಂಧನ ಉಳಿಯುತ್ತದೆ. ಪ್ರಯಾಣಿಕರಿಗಂತೂ ಅವಸರವಿಲ್ಲ, ಅವಸರವಿದ್ದವರು ಹೀಥ್ರೋ ವಿಮಾನ ನಿಲ್ದಾಣಕ್ಕೆ ಹೋಗಿರುತ್ತಾರೆ.

ಹಡಗಿನ ರಚನೆಯನ್ನು ಕುರಿತು ಎರಡು ಮಾತು ಹೇಳಲೇಬೇಕು, ಏಕೆಂದರೆ ಒಬ್ಬಳೇ ಹೊರಟಾಗ ನನ್ನನ್ನು ಕಾಡಿದ ಮೊದಲ ಪ್ರಶ್ನೆ ಅಲೆಗಳದ್ದೇ ಆಗಿತ್ತು. ಸ್ಟೀಫನ್ ಪೇನ್ ಎಂಬ ಬ್ರಿಟಿಷ್ ನೌಕಾವಿನ್ಯಾಸಕರು ರೂಪಿಸಿದ, ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಲಾದ, 2004ರ ಜನವರಿಯಲ್ಲಿ ಸೇವೆಗೆ ಬಂದ ಈ ಹಡಗಿನ ಉದ್ದ 345 ಮೀಟರು. ದ್ವೀಪಗಳ ನಡುವೆ ಓಡಾಡುವ ಕ್ರೂಸ್ ಹಡಗುಗಳಿಗಿಂತ ಇದರ ಒಡಲಿಗೆ ದಪ್ಪನೆಯ ಉಕ್ಕು ಬಳಸಿದ್ದಾರೆ; ಮೂತಿ ಉದ್ದವಾಗಿ, ಚೂಪಾಗಿ, ಅಲೆಯನ್ನು ಸೀಳುವಂತಿದೆ; ಲೈಫ್‌ಬೋಟುಗಳನ್ನು ದೊಡ್ಡ ಅಲೆಗಳ ಹೊಡೆತ ತಾಗದಂತೆ ಸಾಮಾನ್ಯಕ್ಕಿಂತ ಎತ್ತರದಲ್ಲಿ ತೂಗುಹಾಕಿದ್ದಾರೆ. ಇಷ್ಟೆಲ್ಲ ಇದ್ದರೂ ಉತ್ತರ ಅಟ್ಲಾಂಟಿಕ್ ತನ್ನ ಇರುವನ್ನು ತಿಳಿಸದೆ ಬಿಡುವುದಿಲ್ಲ. ಐರ್ಲೆಂಡಿನ ದಕ್ಷಿಣಕ್ಕೆ ಬಂದ ಮೇಲೆ ಕ್ಯಾಬಿನ್ನಿನ ಗೋಡೆಗಳು ಕಿರುಗುಟ್ಟಲು ಶುರುಮಾಡುತ್ತವೆ, ಕಪ್ಪಿನೊಳಗಿನ ಚಹಾ ಓರೆಯಾಗಿ ನಿಲ್ಲುತ್ತದೆ. ಹೊಟ್ಟೆ ತೊಳಸುವವರು ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಕ್ಯಾಬಿನ್ ಹಿಡಿಯುವುದು ಒಳ್ಳೆಯದು. ಅಲ್ಲಿ ತೂಗಾಟ ಅತಿ ಕಡಿಮೆ.

ಇನ್ನು ಹಣದ ವಿಷಯ. ಹಡಗಿನ ಲೋಕದಲ್ಲಿ ಎಲ್ಲ ಲೆಕ್ಕವೂ ಇಬ್ಬರದು. ಜಾಹೀರಾತಿನಲ್ಲಿ ಕಾಣುವ ದರ ಒಂದು ಕ್ಯಾಬಿನ್ನಿನಲ್ಲಿ ಇಬ್ಬರು ಇದ್ದಾಗ ತಲೆಗೆ ಬೀಳುವ ದರ. ಅದೇ ಕ್ಯಾಬಿನ್ನನ್ನು ಒಬ್ಬರೇ ಹಿಡಿದರೆ ಸಾಮಾನ್ಯವಾಗಿ ಅದರ ಮುಕ್ಕಾಲು ಪಾಲೋ ಇಡಿಯ ಇನ್ನೊಂದು ಪಾಲೋ ಹೆಚ್ಚಿಗೆ ಕೊಡಬೇಕಾಗುತ್ತದೆ. ಇಲ್ಲದ ಸಂಗಾತಿಯ ಟಿಕೆಟ್ಟಿಗೆ ದುಡ್ಡು ಕೊಡುವುದು ಯಾರಿಗಾದರೂ ಉರಿ ಬರಿಸುವ ಸಂಗತಿಯೇ. ಆದರೆ 2016ರ ನವೀಕರಣದಲ್ಲಿ ಈ ಹಡಗಿಗೆ ಒಬ್ಬರಿಗೆಂದೇ ಅಳತೆ ಮಾಡಿದ 15 ಕ್ಯಾಬಿನ್‌ಗಳನ್ನು ಸೇರಿಸಿದರು. ಊಟದ ಶಾಲೆಗೂ ನೃತ್ಯದ ಹಾಲಿಗೂ ಹತ್ತಿರವಿರುವ, ಸಮುದ್ರದ ಕಡೆಗೆ ದೊಡ್ಡ ಕಿಟಕಿಗಳಿರುವ ಕೋಣೆಗಳು ಅವು. ಎರಡೂವರೆ ಸಾವಿರಕ್ಕೂ ಹೆಚ್ಚು ಪ್ರಯಾಣಿಕರು ಹಿಡಿಯುವ ಹಡಗಿನಲ್ಲಿ ಹದಿನೈದೇ ಕೋಣೆಗಳೆಂದರೆ ಅವು ಎಷ್ಟು ಬೇಗ ತುಂಬುತ್ತವೆಂದು ಬೇರೆ ಹೇಳಬೇಕಾಗಿಲ್ಲ.

ಉಡುಪಿಯ ಕಡೆಯ ನಮ್ಮಂಥ ಮನೆಗಳಲ್ಲಿ ಸಮುದ್ರ ದಾಟುವುದು ಒಂದು ಕಾಲಕ್ಕೆ ಪ್ರಾಯಶ್ಚಿತ್ತ ಬೇಡುವ ಕೆಲಸವಾಗಿತ್ತು. ಅದು ಪೂರ್ತಿ ಹಳೆಯ ಕತೆಯೂ ಅಲ್ಲ. 2008ರ ಪುತ್ತಿಗೆ ಪರ್ಯಾಯದ ಹೊತ್ತಿನಲ್ಲಿ, ವಿದೇಶಕ್ಕೆ ಹೋಗಿಬಂದ ಯತಿಗಳು ಕೃಷ್ಣನನ್ನು ಮುಟ್ಟಿ ಪೂಜಿಸಬಹುದೇ ಎಂಬ ಚರ್ಚೆ ಪತ್ರಿಕೆಗಳಲ್ಲಿ ಎಷ್ಟು ದಿನ ನಡೆಯಿತೆಂಬುದು ಹಲವರಿಗೆ ನೆನಪಿರಬಹುದು. ನಾನು ಹೊರಟಾಗ ನಮ್ಮ ದೊಡ್ಡಮ್ಮ ಸಮುದ್ರದ ಮಾತೇ ಎತ್ತಲಿಲ್ಲ. "ಒಬ್ಬಳೇ ಹೋಗುವುದಾ ಮಾರಾಯ್ತಿ? ಜೊತೆಗೆ ಯಾರೂ ಸಿಗಲಿಲ್ಲವಾ?" ಎಂದಷ್ಟೇ ಕೇಳಿದರು. ಗಂಡಸೊಬ್ಬ ಒಂಟಿಯಾಗಿ ಹೋದರೆ ಸಾಹಸ ಎನ್ನುವವರು ಹೆಂಗಸು ಹೋದರೆ ಯಾರೂ ಸಿಗಲಿಲ್ಲವೇನೋ ಎಂದು ಮರುಗುತ್ತಾರೆ, ಮತ್ತು ಈ ಮರುಕ ಬ್ರಹ್ಮಾವರಕ್ಕೆ ಮಾತ್ರ ಸೀಮಿತವಾದುದಲ್ಲ ಎಂಬುದು ಹಡಗಿನಲ್ಲಿ ಮೊದಲ ಸಂಜೆಯೇ ಗೊತ್ತಾಯಿತು. ಊಟದ ಮೇಲ್ವಿಚಾರಕರು ಬಹಳ ಮೆಲ್ಲಗೆ, ನೋವಾಗದಂತೆ, "ನಿಮಗೆ ಒಬ್ಬರೇ ಕೂರುವ ಮೇಜು ಬೇಕೇ, ಇತರರೊಡನೆ ಹಂಚಿಕೊಳ್ಳುವ ಮೇಜೇ?" ಎಂದು ಕೇಳಿದರು.

ಹಂಚಿಕೊಳ್ಳುವ ಮೇಜನ್ನೇ ಕೇಳಬೇಕು. ಒಂಟಿ ಪ್ರಯಾಣಿಕರಿಗೆ ನಾನು ಕೊಡಬಹುದಾದ ಸಲಹೆಗಳಲ್ಲಿ ಇದಕ್ಕಿಂತ ಮುಖ್ಯವಾದುದು ಬೇರೆಯಿಲ್ಲ. ಪ್ರತಿ ರಾತ್ರಿ ಅದೇ ಮೇಜು, ಅದೇ ಮುಖಗಳು, ಅದೇ ಬಡಿಸುವವರು. ನಮ್ಮ ಮೇಜಿನಲ್ಲಿ ವಿಮಾನ ಹತ್ತಲು ಹೆದರುವ ಒಬ್ಬ ನಿವೃತ್ತ ಶಿಕ್ಷಕರಿದ್ದರು, ಗಂಡ ತೀರಿಕೊಂಡ ಮೇಲೆ ವರ್ಷಕ್ಕೊಮ್ಮೆ ಹೀಗೆ ದಾಟುವ ಸ್ಕಾಟ್ಲೆಂಡಿನ ಅಜ್ಜಿಯೊಬ್ಬರಿದ್ದರು, ಅಮೆರಿಕಕ್ಕೆ ಮನೆ ಬದಲಿಸುತ್ತಿದ್ದ, ನಾಯಿಯನ್ನು ಜೊತೆಗೆ ಕರೆತಂದಿದ್ದ ಯುವಕನಿದ್ದ. (ನಾಯಿ ಬೆಕ್ಕುಗಳಿಗೂ ಈ ಹಡಗಿನಲ್ಲಿ 24 ಗೂಡುಗಳಿವೆ, ಇಂಗ್ಲೆಂಡಿನ ನಾಯಿಗಳಿಗೆಂದು ಲಿವರ್‌ಪೂಲಿನ ದೀಪದ ಕಂಬವನ್ನೂ ಅಮೆರಿಕದ ನಾಯಿಗಳಿಗೆಂದು ನ್ಯೂಯಾರ್ಕಿನ ಬೆಂಕಿ ನಂದಿಸುವ ನೀರಿನ ಕಂಬವನ್ನೂ ಮೇಲಿನ ಡೆಕ್ಕಿನಲ್ಲಿ ನೆಟ್ಟಿದ್ದಾರೆ. ಒಂಟಿ ಮನುಷ್ಯರಿಗಿಂತ ನಾಯಿಗಳಿಗೆ ಹೆಚ್ಚು ಜಾಗ ಮಾಡಿಕೊಟ್ಟಿದ್ದಾರೆ ಎಂಬುದು ನಮ್ಮ ಮೇಜಿನ ಖಾಯಂ ನಗೆಮಾತಾಗಿತ್ತು.) ಮೊದಲ ರಾತ್ರಿ ಹವಾಮಾನ, ಎರಡನೆಯ ರಾತ್ರಿ ಮಕ್ಕಳು, ಮೂರನೆಯ ರಾತ್ರಿಯ ಹೊತ್ತಿಗೆ ನಿಜವಾದ ಮಾತು. ಬಂದರುಗಳಿದ್ದಿದ್ದರೆ ಮೂರನೆಯ ರಾತ್ರಿಯೂ ಆ ದಿನ ಕಂಡ ಚರ್ಚಿನ ವಿಷಯವನ್ನೇ ಮಾತಾಡುತ್ತಿದ್ದೆವು.

ಸಸ್ಯಾಹಾರದ ಬಗ್ಗೆ ಕೇಳುವವರಿಗೆ ಹೇಳುವುದಾದರೆ, ಹಿಂದಿನ ರಾತ್ರಿಯೇ ತಿಳಿಸಿಟ್ಟರೆ ಅನ್ನ, ಬೇಳೆ, ಪಲ್ಯ ಮಾಡಿಕೊಡುತ್ತಾರೆ. ಔಪಚಾರಿಕ ಉಡುಪಿನ ಸಂಜೆಗಳಿಗೆ ಮೈಸೂರು ರೇಷ್ಮೆ ಸೀರೆಯೊಂದು ಸಾಕು.

ಪೂರ್ವದಿಂದ ಪಶ್ಚಿಮಕ್ಕೆ ಹೋಗುವಾಗ ಇನ್ನೊಂದು ಲಾಭವಿದೆ. ಇಂಗ್ಲೆಂಡಿಗೂ ನ್ಯೂಯಾರ್ಕಿಗೂ ಇರುವ ಐದು ಗಂಟೆಗಳ ಅಂತರವನ್ನು ಹಡಗಿನಲ್ಲಿ ಕಂತುಗಳಲ್ಲಿ ತೀರಿಸುತ್ತಾರೆ; ಐದು ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಂದರೆ ವಾರದಲ್ಲಿ ಐದು ದಿನಗಳಿಗೆ ತಲಾ 25 ಗಂಟೆ. ವಿಮಾನದಲ್ಲಿ ಹೋದವರನ್ನು ದಿನಗಟ್ಟಲೆ ಕಾಡುವ ನಿದ್ದೆಗೇಡು ಇಲ್ಲಿ ಸುಳಿಯುವುದೇ ಇಲ್ಲ. ಮನೆ, ಕಚೇರಿ, ಮದುವೆ ಮುಂಜಿಗಳ ನಡುವೆ ಹೊತ್ತನ್ನು ಸದಾ ಬೇರೆಯವರಿಗೆ ಒಪ್ಪಿಸಿ ಬದುಕಿದವಳಿಗೆ ಯಾರೂ ಕೇಳದ ಆ ಹೆಚ್ಚುವರಿ ಗಂಟೆ ಸಿಕ್ಕಿದ್ದು ಬಡ್ಡಿಯಿಲ್ಲದ ಸಾಲ ಮನ್ನಾ ಆದಂತಾಗಿತ್ತು. ಅದೇ ನ್ಯೂಯಾರ್ಕಿನಿಂದ ಇಂಗ್ಲೆಂಡಿಗೆ ಬರುವಾಗ ಮಧ್ಯಾಹ್ನ ಹನ್ನೆರಡಕ್ಕೆ ಗಡಿಯಾರ ನೇರ ಒಂದಕ್ಕೆ ಜಿಗಿಯುತ್ತದೆ, ಊಟದ ಹೊತ್ತೇ ಕಳೆದುಹೋಗುತ್ತದೆ. ಆಯ್ಕೆಯಿದ್ದರೆ ಪಶ್ಚಿಮಕ್ಕೇ ಹೋಗಬೇಕು.

ಆ ಹೊತ್ತನ್ನು ಕಳೆಯಲು ಹಡಗಿನಲ್ಲಿ ದಾರಿಗಳು ಬೇಕಾದಷ್ಟಿವೆ: ಉಪನ್ಯಾಸಗಳು, ತಾರಾಲಯ, ನಾಟಕಗಳು. ಇವನ್ನೆಲ್ಲ ಜಾಹೀರಾತೇ ಹೇಳುತ್ತದೆ. ನಾನು ಹೆಚ್ಚು ಕಾಲ ಇದ್ದುದು ಎಂಟನೆಯ ಡೆಕ್ಕಿನ ಮುಂಭಾಗದ ಗ್ರಂಥಾಲಯದಲ್ಲಿ. ಎಂಟು ಸಾವಿರಕ್ಕೂ ಹೆಚ್ಚು ಪುಸ್ತಕಗಳಿರುವ ಆ ಕೋಣೆಯ ಕಿಟಕಿಗಳಿಂದ ಹಡಗಿನ ಮೂತಿ ಏರುವುದೂ ಇಳಿಯುವುದೂ ಕಾಣುತ್ತದೆ. ಕಿಟಕಿಯ ಪಕ್ಕದ ಕುರ್ಚಿಗಳಿಗೆ ಮಾತ್ರ ಬೆಳಿಗ್ಗೆಯಿಂದಲೇ ಪೈಪೋಟಿ. ಏಳನೆಯ ಡೆಕ್ಕಿನಲ್ಲಿ ಹಡಗನ್ನು ಪೂರ್ತಿ ಸುತ್ತುವ ಕಾಲುದಾರಿಯಿದೆ. ಮೂರು ಸುತ್ತು ಹಾಕಿದರೆ ಹತ್ತಿರ ಹತ್ತಿರ ಎರಡು ಕಿಲೋಮೀಟರು. ಸಂಜೆ ಕ್ವೀನ್ಸ್ ರೂಮ್ ಎಂಬ ಹಾಲಿನಲ್ಲಿ ವಾದ್ಯವೃಂದದೊಡನೆ ನೃತ್ಯ. ಜೋಡಿಯಿಲ್ಲದೆ ಬಂದ ಹೆಂಗಸರ ಜೊತೆ ಕುಣಿಯಲೆಂದೇ ಗೊತ್ತುಮಾಡಿದ ಸಭ್ಯ ಗಂಡಸರು ಅಲ್ಲಿರುತ್ತಾರೆ. ಒಬ್ಬರೊಡನೆಯೇ ಮತ್ತೆ ಮತ್ತೆ ಕುಣಿಯದೆ ಎಲ್ಲರಿಗೂ ಸರದಿ ಕೊಡಬೇಕೆಂಬುದು ಅವರಿಗಿರುವ ನಿಯಮ. ಈ ಏರ್ಪಾಡನ್ನು ಕಂಡು ಮೊದಲಿಗೆ ನನಗೆ ನಗು ಬಂದಿತ್ತು. ಎಂಬತ್ತು ದಾಟಿದ ಆ ಸ್ಕಾಟ್ಲೆಂಡಿನ ಅಜ್ಜಿ ವಾಲ್ಟ್ಸ್ ಮುಗಿಸಿ ಬಂದು ಏದುಸಿರು ಬಿಡುತ್ತ ಕುಳಿತಾಗಿನ ಮುಖ ನೋಡಿದ ಮೇಲೆ ನಗಲಿಲ್ಲ.

ಪ್ರತಿದಿನ ಮಧ್ಯಾಹ್ನ ಹನ್ನೆರಡಕ್ಕೆ ಕ್ಯಾಪ್ಟನ್ ಧ್ವನಿವರ್ಧಕದಲ್ಲಿ ಅಕ್ಷಾಂಶ, ರೇಖಾಂಶ, ಗಾಳಿಯ ವೇಗ, ಕೆಳಗಿನ ನೀರಿನ ಆಳಗಳನ್ನು ಓದುತ್ತಾರೆ, ಮತ್ತು ಆ ಐದು ನಿಮಿಷ ಇಡೀ ಹಡಗು ಮಾತು ನಿಲ್ಲಿಸುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಆಗ್ನೇಯಕ್ಕೆ, ಗ್ರ್ಯಾಂಡ್ ಬ್ಯಾಂಕ್ಸ್ ಎಂಬ ಮೀನಿನ ಸೀಮೆಯ ಹತ್ತಿರ ಬಂದಾಗ ಎಲ್ಲರ ತಲೆಯಲ್ಲಿಯೂ ಒಂದೇ ಹೆಸರು. 1912ರ ಏಪ್ರಿಲ್ 15ರಂದು ಮುಳುಗಿದ ಟೈಟಾನಿಕ್ ಆ ಭಾಗದಲ್ಲಿಯೇ ಸುಮಾರು 3,800 ಮೀಟರು ಆಳದಲ್ಲಿ ಬಿದ್ದಿದೆ. ಆ ದುರಂತದ ನಂತರ, 1914ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಹಿಮಗಸ್ತು ಪಡೆ ಇಂದಿಗೂ ಹಿಮಬಂಡೆಗಳ ಎಲ್ಲೆಯನ್ನು ತಿಳಿಸುತ್ತಿರುತ್ತದೆ, ಹಿಮದ ಕಾಲದಲ್ಲಿ ಹಡಗುಗಳು ದಕ್ಷಿಣಕ್ಕೆ ಸರಿದು ಸಾಗುತ್ತವೆ. ಮೆಕ್ಸಿಕೊ ಕೊಲ್ಲಿಯ ಕಡೆಯಿಂದ ಬರುವ ಬೆಚ್ಚಗಿನ ಗಲ್ಫ್ ಸ್ಟ್ರೀಮ್ ಉತ್ತರದಿಂದ ಇಳಿಯುವ ತಣ್ಣನೆಯ ಲ್ಯಾಬ್ರಡಾರ್ ಪ್ರವಾಹವನ್ನು ಸಂಧಿಸುವುದೂ ಇಲ್ಲಿಯೇ ಆದ್ದರಿಂದ ಮಂಜು ದಟ್ಟವಾಗಿ ಕವಿಯುತ್ತದೆ. ಮಂಜಿನಲ್ಲಿ ಸಾಗುವ ಹಡಗು ಎರಡು ನಿಮಿಷ ಮೀರದಂತೆ ಒಮ್ಮೊಮ್ಮೆ ದೀರ್ಘವಾಗಿ ಹಾರ್ನ್ ಹಾಕಬೇಕೆಂಬುದು ಸಮುದ್ರದ ಕಾನೂನು. ಈ ಹಡಗಿನ ಹಾರ್ನ್‌ಗಳಲ್ಲಿ ಒಂದು 1936ರ ಹಳೆಯ ಕ್ವೀನ್ ಮೇರಿಯದು, ಹದಿನಾರು ಕಿಲೋಮೀಟರಿನಾಚೆಗೂ ಕೇಳಿಸುವಂಥದ್ದು. ಡೆಕ್ಕಿನಲ್ಲಿ ನಿಂತಿದ್ದವರಿಗೆ ಆ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ.

ಒಂಟಿ ಯಾನವೆಂದು ನಾನು ಅಷ್ಟು ದೊಡ್ಡದಾಗಿ ಮಾತಾಡುತ್ತಿದ್ದುದಕ್ಕೆ ಸರಿಯಾದ ಅಳತೆ ಸಿಕ್ಕಿದ್ದು ಚಹಾ ತರುತ್ತಿದ್ದ ಹುಡುಗನಿಂದ. ಸೀರೆ ಕಂಡು, "ಮೇಡಂ, ನೀವು ಕನ್ನಡದವರಾ?" ಎಂದು ಕೇಳಿದ ಅವನ ಊರು ಮೂಡುಬಿದಿರೆಯ ಕಡೆ. ತಿಂಗಳುಗಟ್ಟಲೆಯ ಕರಾರು, ನೀರಿನ ಮಟ್ಟಕ್ಕಿಂತ ಕೆಳಗಿನ ಹಂಚಿಕೊಂಡ ಕೋಣೆ, ತಂಗಿಯ ಮದುವೆಯನ್ನು ಫೋನಿನಲ್ಲಿ ನೋಡಿದ್ದು, ಇವನ್ನೆಲ್ಲ ಅವನು ದೂರುವ ದನಿಯಲ್ಲಿ ಹೇಳಲಿಲ್ಲ. ನ್ಯೂಯಾರ್ಕನ್ನು ಎಷ್ಟು ಸಲ ನೋಡಿದ್ದೀರಿ ಎಂದು ಕೇಳಿದೆ. "ಬಂದರು ಸುಮಾರು ಸಲ ಮೇಡಂ, ಊರು ಎರಡು ಸಲ" ಎಂದ.

ಕೊನೆಯ ಬೆಳಗಿನ ಜಾವ ನ್ಯೂಯಾರ್ಕ್ ಬಂದರಿನ ಬಾಯಲ್ಲಿರುವ ವೆರಜಾನೊ ಸೇತುವೆಯ ಕೆಳಗೆ ಹಡಗು ನುಸುಳುವುದನ್ನು ನೋಡಲು ಎಲ್ಲರೂ ಕತ್ತಲೆಯಲ್ಲಿಯೇ ಎದ್ದು ಮೇಲಿನ ಡೆಕ್ಕಿಗೆ ಬರುತ್ತಾರೆ. ಹೊಗೆಕೊಳವೆಯ ಎತ್ತರವನ್ನು ನಿರ್ಧರಿಸುವಾಗಲೇ ಈ ಸೇತುವೆಯನ್ನು ಲೆಕ್ಕಕ್ಕೆ ಹಿಡಿದಿದ್ದರಂತೆ. ಆದರೂ ಕೆಳಗೆ ನಿಂತು ನೋಡುವಾಗ ಖಂಡಿತ ತಾಗುತ್ತದೆ ಎಂದೇ ಅನ್ನಿಸುತ್ತದೆ. ಬ್ರೂಕ್ಲಿನ್ನಿನ ರೆಡ್ ಹುಕ್ ಬಂದರಿನಲ್ಲಿ ಇಳಿಯುವುದು.

ಹೋಗಬೇಕೆಂದಿರುವವರಿಗೆ ಕೆಲವು ಮಾತು. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟನ್ನಿನ ವೀಸಾ, ಅಮೆರಿಕದ ವೀಸಾ ಎರಡೂ ಮೊದಲೇ ಕೈಯಲ್ಲಿರಬೇಕು. ಅಮೆರಿಕದ ವೀಸಾ ಸಂದರ್ಶನಕ್ಕೆ ಕಾಯುವ ಕಾಲವನ್ನು ಲೆಕ್ಕ ಹಾಕಿಯೇ ಟಿಕೆಟ್ ತೆಗೆಯಿರಿ. ಸಮುದ್ರದ ಮಧ್ಯೆ ಕಾಯಿಲೆಯಾದರೆ ವೈದ್ಯರಿದ್ದಾರೆ, ಆದರೆ ಬಿಲ್ಲು ಡಾಲರಿನಲ್ಲಿ ಬರುತ್ತದೆ, ಆದ್ದರಿಂದ ಹಡಗಿನ ಪ್ರಯಾಣವೆಂದು ಸ್ಪಷ್ಟವಾಗಿ ನಮೂದಿಸಿದ ವಿಮೆ ಬೇಕು. ಚಳಿಗಾಲದ ಯಾನಗಳು ಅಗ್ಗ, ಸಮುದ್ರವೂ ಅದಕ್ಕೆ ತಕ್ಕಂತೆ ಒರಟು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಸ್ವಲ್ಪ ಸೌಮ್ಯ. ಒಬ್ಬರ ಕ್ಯಾಬಿನ್ ಬೇಕಿದ್ದರೆ ವರ್ಷದ ಮೊದಲೇ ಹಿಡಿಯಿರಿ, ಅದು ಸಿಗದಿದ್ದರೆ ಇಬ್ಬರ ಒಳಕೋಣೆಯ ದರದೊಡನೆ ಹೋಲಿಸಿ ನೋಡಿ. ಕೆಲವು ತಿಂಗಳುಗಳಲ್ಲಿ, ಒಂಟಿಯವರ ಹೆಚ್ಚುವರಿ ದರ ಸೇರಿಸಿದ ಮೇಲೂ, ಕಿಟಕಿಯಿಲ್ಲದ ಆ ಕೋಣೆಯೇ ಅಗ್ಗವಾಗಿ ಸಿಗುವುದುಂಟು.