ಬಿಳಿ ಕೂದಲಿಗೆ ಲೇಸರ್ ಇಲ್ಲ

ನಮ್ಮಂಥ ಟ್ರಾನ್ಸ್ ಹೆಂಗಸರಲ್ಲಿ ಮುದುಕಿಯಾದವರನ್ನು ನಾನು ಹರೆಯದಲ್ಲಿ ನೋಡಿರಲಿಲ್ಲ. ನಾನು ನೋಡಿದ್ದು ಯಕ್ಷಗಾನದ ಸ್ತ್ರೀವೇಷಗಳನ್ನು ಮಾತ್ರ. ನಮ್ಮ ಮನೆ ಕಾಸರಗೋಡಿನ ಕುಂಬಳೆಯ ಹತ್ತಿರ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆ ಇದು, ಆಟ ನೋಡದೆ ಬೆಳೆದ ಮಕ್ಕಳೇ ಇಲ್ಲ. ನಾನೂ ಗೆಜ್ಜೆ ಕಟ್ಟಿ ಮೇಳ ಸೇರಿದೆ. ದಮಯಂತಿಯಾದೆ, ಸುಭದ್ರೆಯಾದೆ, ದ್ರೌಪದಿಯಾದೆ. ಎಲ್ಲರೂ ಪ್ರಾಯದ ಹೆಂಗಸರೇ. ಮೇಳದ ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ಲುಂಗಿ ಉಟ್ಟು, ಅಡಕೆಗೆ ಮದ್ದು ಬಿಡುವವರ ಜೊತೆ ಗಂಡಸಾಗಿ ಓಡಾಡಬೇಕಿತ್ತು. ಆ ತಿಂಗಳುಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತು. ವಯಸ್ಸಾಗಿ ಮುಖ ಗಟ್ಟಿಯಾಗುತ್ತ ಬಂದಾಗ ಪುರುಷವೇಷ ಕೊಟ್ಟರು. ಅದರಲ್ಲಿ ಒಂದು ತಿರುಗಾಟ ಮುಗಿಸಿ ಮೇಳ ಬಿಟ್ಟೆ.

ನಮ್ಮಂಥವರ ಹಕ್ಕನ್ನು ಒಪ್ಪಿದ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2014ರಲ್ಲಿ. ಮರುವರ್ಷ ಕೇರಳ ಸರಕಾರ ಟ್ರಾನ್ಸ್‌ಜೆಂಡರ್ ನೀತಿ ತಂದಿತು, ದೇಶದಲ್ಲೇ ಮೊದಲು. ಆಗ ನನಗೆ ಐವತ್ತು ದಾಟಿತ್ತು. ಮಂಗಳೂರಿನಲ್ಲಿ ಡಾಕ್ಟರನ್ನು ಕಂಡೆ. ಹಾರ್ಮೋನ್ ಮಾತ್ರೆ ಶುರುವಾಯಿತು, ಮುಂದೆ ಲಿಂಗ ಬದಲಾವಣೆಯ ಆಪರೇಷನ್ನೂ ಆಯಿತು. ಮನೆಯಲ್ಲಿ ಆದ ಗಲಾಟೆಯನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅಣ್ಣ ತುಂಬಾ ಸಮಯ ಮಾತು ಬಿಟ್ಟಿದ್ದ. ಈಗ ಆಡುತ್ತಾನೆ.

ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಹಿಂದಿನ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದೆ. ದೊಡ್ಡ ಬೀಳುವಿಕೆ ಏನಲ್ಲ, ಬಲಗೈ ಊರಿದ್ದೆ ಅಷ್ಟೆ. ಮಣಿಕಟ್ಟು ಮುರಿದೇಹೋಯಿತು. ಕಾರು ಮಾಡಿ ಮಂಗಳೂರಿಗೆ ಹೋದೆವು. ಕಾಸರಗೋಡಿನವರಿಗೆ ಜೋರು ಕಾಯಿಲೆ ಬಂದರೆ ಮಂಗಳೂರೇ ಗತಿ ಅಲ್ವಾ? ಪ್ಲೇಟ್ ಹಾಕಬೇಕು, ಕೆಲವು ದಿನ ಅಡ್ಮಿಟ್ ಆಗಿ ಅಂದರು.

ಕೌಂಟರಿನ ಹುಡುಗ ನನ್ನ ಕಾರ್ಡು ನೋಡಿದ, ನನ್ನನ್ನು ನೋಡಿದ, ಆಮೇಲೆ ಅತ್ತಿಗೆಯ ಹತ್ತಿರ ಕೇಳಿದ, "ಯಾವ ವಾರ್ಡಿಗೆ ಬರೆಯುವುದು?"

ನಾನು ತಲೆ ತಗ್ಗಿಸಿದ್ದೆ. ಕೈಯ ನೋವಿಗಿಂತ ಆ ಪ್ರಶ್ನೆ ಜಾಸ್ತಿ ನೋಯುತ್ತಿತ್ತು. ಅತ್ತಿಗೆ ಬ್ಯಾಗನ್ನು ಕೌಂಟರಿನ ಮೇಲಿಟ್ಟು, "ಇವಳು ನನ್ನ ನಾದಿನಿ. ಬೈಸ್ಟ್ಯಾಂಡರ್ ನಾನು. ರಾತ್ರಿ ನನ್ನನ್ನು ಯಾವ ವಾರ್ಡಿನಲ್ಲಿ ಮಲಗಿಸುತ್ತೀರೋ ಅಲ್ಲಿಗೇ ಇವಳನ್ನೂ ಹಾಕಿ" ಅಂದರು. ಹುಡುಗ ಹೆಂಗಸರ ವಾರ್ಡು ಅಂತ ಬರೆದ.

ಕೈಗೆ ಆಪರೇಷನ್ ಆಯಿತು. ಅದಕ್ಕಿಂತ ದೊಡ್ಡ ಹೆದರಿಕೆ ನನಗೆ ಬೇರೆ ಇತ್ತು. ಗಡ್ಡ. ಹಾರ್ಮೋನ್ ತೆಗೆದುಕೊಂಡರೆ ಚರ್ಮ ನಯವಾಗುತ್ತದೆ, ಮೈಯ ರೂಪ ಬದಲಾಗುತ್ತದೆ, ಆದರೆ ಒಮ್ಮೆ ಬಂದ ಗಡ್ಡ ಹೋಗುವುದಿಲ್ಲ. ಪ್ರಾಯದವರು ಲೇಸರ್ ಮಾಡಿಸಿಕೊಳ್ಳುತ್ತಾರೆ. ನಾನು ವಿಚಾರಿಸುವಾಗಲೇ ನನ್ನದು ಮುಕ್ಕಾಲು ಬೆಳ್ಳಗಾಗಿತ್ತು. ಲೇಸರಿನ ಬೆಳಕನ್ನು ಹಿಡಿಯುವುದು ಕೂದಲಿನ ಕಪ್ಪು. ಬಿಳಿ ಕೂದಲಿಗೆ ಅದು ನಾಟುವುದಿಲ್ಲ. ಒಂದೊಂದೇ ಬೇರಿಗೆ ಸೂಜಿ ಹಾಕಿ ಕರೆಂಟು ಕೊಡುವ ಎಲೆಕ್ಟ್ರೋಲಿಸಿಸ್ ಉಂಟು, ಆದರೆ ಖರ್ಚು, ನೋವು, ಓಡಾಟ ಎಲ್ಲ ಜಾಸ್ತಿ. ಹಾಗಾಗಿ ದಿನಾ ಬೆಳಗ್ಗೆ ಯಾರೂ ಏಳುವ ಮೊದಲು ಬಚ್ಚಲಿನ ಬಾಗಿಲು ಹಾಕಿಕೊಂಡು ಕ್ಷೌರ ಮಾಡಿಕೊಳ್ಳುತ್ತಿದ್ದೆ. ಒಂದೇ ಮನೆಯಲ್ಲಿದ್ದರೂ ಅತ್ತಿಗೆ ಒಮ್ಮೆಯೂ ನೋಡಿರಲಿಲ್ಲ.

ಈಗ ಬಲಗೈ ಬ್ಯಾಂಡೇಜಿನಲ್ಲಿ. ಎಡಗೈಗೆ ಡ್ರಿಪ್. ಸೆರಗನ್ನು ಗಲ್ಲದವರೆಗೆ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಪಕ್ಕದ ಮಂಚದ ಬ್ಯಾರಿ ಹೆಂಗಸು ಮಾತಾಡಿಸಿದರೂ ತಿರುಗಲಿಲ್ಲ.

ಅತ್ತಿಗೆಗೆ ಹೇಗೆ ಗೊತ್ತಾಯಿತೋ. ಸಂಜೆ ಕೆಳಗಿನ ಅಂಗಡಿಯಿಂದ ಒಂದು ರೇಜರ್ ತಂದರು. ಮಂಚದ ಸುತ್ತ ಪರದೆ ಎಳೆದರು. ಸ್ಟೀಲಿನ ಲೋಟದಲ್ಲಿ ಬಿಸಿನೀರು ತಂದು, ಮೈಗೆ ಹಚ್ಚುವ ಸಾಬೂನನ್ನೇ ಅಂಗೈಯಲ್ಲಿ ಉಜ್ಜಿ ನೊರೆ ಮಾಡಿದರು. ನನ್ನ ಗಲ್ಲ ಹಿಡಿದು ಮೇಲೆತ್ತಿದರು. ನನಗೆ ಅಳು ಬಂತು. "ಅಲ್ಲಾಡಬೇಡ ಮಾರಾಯ್ತಿ, ಕೊಯ್ದೀತು" ಅಂತ ಗದರಿಸಿದರು. ಅವರಿಗೆ ರೇಜರ್ ಹಿಡಿದು ಅಭ್ಯಾಸವಿಲ್ಲ. ತುಟಿಯ ಕೆಳಗೆ ಬಂದಾಗ ತಾವೇ ಉಸಿರು ಬಿಗಿಹಿಡಿದಿದ್ದರು. ಮುಗಿದ ಮೇಲೆ ಒದ್ದೆ ಬೈರಾಸಿನಿಂದ ಒರೆಸಿ, ತಮ್ಮ ಗಲ್ಲವನ್ನು ಲೈಟಿಗೆ ಹಿಡಿದು ತೋರಿಸಿದರು.

"ಇಲ್ಲಿ ನೋಡು. ಮುಟ್ಟು ನಿಂತ ಮೇಲೆ ನನಗೂ ಬಂದಿದೆ. ವಾರಕ್ಕೊಮ್ಮೆ ಚಿಮಟದಲ್ಲಿ ಕೀಳುತ್ತೇನೆ. ನಿನ್ನಣ್ಣನಿಗೆ ಇವತ್ತಿನವರೆಗೆ ಗೊತ್ತಿಲ್ಲ."

ನಾಲ್ಕೈದು ಕೂದಲು. ದಪ್ಪ, ಬಿಳಿ, ನನ್ನವುಗಳ ಹಾಗೆಯೇ. ಅದನ್ನು ನೋಡಿ ನನಗೆ ಎಷ್ಟು ಸಮಾಧಾನವಾಯಿತು ಅಂತ ಹೇಗೆ ಹೇಳಲಿ? ಅಲ್ಲಿಯವರೆಗೆ ನನ್ನ ಮುಪ್ಪು ಬೇರೆ, ಉಳಿದ ಹೆಂಗಸರ ಮುಪ್ಪು ಬೇರೆ ಅಂದುಕೊಂಡಿದ್ದೆ.

ಮರುದಿನ ಡಾಕ್ಟರಮ್ಮ ಮೂಳೆ ಎಷ್ಟು ಗಟ್ಟಿಯಿದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರು. ಟಿ ಸ್ಕೋರ್ ಅಂತ ಒಂದು ಲೆಕ್ಕ ಬರುತ್ತದೆ. ಅದು ಮೈನಸ್ 2.5 ಅಥವಾ ಇನ್ನೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತ. ನನ್ನದು ಮೈನಸ್ 2.8. ಹಾರ್ಮೋನ್ ಯಾವಾಗ ಬಿಟ್ಟಿರಿ ಅಂತ ಕೇಳಿದರು. ಹೇಳಿದೆ. 2020ರ ಮಾರ್ಚಿನಲ್ಲಿ ಕೊರೊನಾದಿಂದ ಮಂಗಳೂರಿಗೆ ಹೋಗುವ ತಲಪಾಡಿಯ ಗಡಿ ಮುಚ್ಚಿತು, ಒಳರಸ್ತೆಗಳಿಗೂ ಮಣ್ಣು ಸುರಿದರು. ಆಸ್ಪತ್ರೆ ಸೇರಲಾಗದೆ ನಮ್ಮ ಕಡೆಯವರು ಜೀವ ಬಿಡುತ್ತಿದ್ದ ಹೊತ್ತಿನಲ್ಲಿ ನನ್ನ ಮಾತ್ರೆಯ ಮಾತು ಯಾರ ಹತ್ತಿರ ಎತ್ತಲಿ? ಗಡಿ ತೆರೆದ ಮೇಲೆ ಬೇರೊಬ್ಬ ಡಾಕ್ಟರ ಹತ್ತಿರ ಹೋದರೆ, "ಈ ವಯಸ್ಸಿನಲ್ಲಿ ಇನ್ನು ಅದೆಲ್ಲ ಯಾಕೆ?" ಅಂದುಬಿಟ್ಟರು. ಆ ಮಾತಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಯಾಕೆ ಅಂತ ಈ ಡಾಕ್ಟರಮ್ಮ ಬಿಡಿಸಿ ಹೇಳಿದರು. ಮೂಳೆ ಸವೆಯದಂತೆ ಕಾಯುವುದು ಹಾರ್ಮೋನು. ಲಿಂಗ ಬದಲಾವಣೆಯ ಆಪರೇಷನ್ ಆದ ಮೇಲೆ ನಮ್ಮ ಮೈ ಗಂಡಿನದನ್ನೂ ಸಾಕಷ್ಟು ಮಾಡುವುದಿಲ್ಲ, ಹೆಣ್ಣಿನದನ್ನೂ ಮಾಡುವುದಿಲ್ಲ. ಹೊರಗಿನಿಂದ ಸಿಗುವುದೂ ನಿಂತರೆ ಮೂಳೆ ಟೊಳ್ಳಾಗುತ್ತದೆ. ವಯಸ್ಸಾದವರಿಗೆ ನುಂಗುವ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ, ಚರ್ಮಕ್ಕೆ ಹಚ್ಚುವ ಜೆಲ್‌ನಲ್ಲಿ ಕಡಿಮೆ. ನನಗೆ ಜೆಲ್ ಬರೆದರು, ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ, ಮೂಳೆಗೆ ಬೇರೆ ಮಾತ್ರೆ. ಪ್ರಾಸ್ಟೇಟ್ ಗ್ರಂಥಿಯನ್ನೂ ಪರೀಕ್ಷೆ ಮಾಡಿಸಿದರು. ಲಿಂಗ ಬದಲಾವಣೆಯ ಆಪರೇಷನ್‌ನಲ್ಲಿ ಅದನ್ನು ತೆಗೆಯುವುದಿಲ್ಲ, ನನ್ನ ವಯಸ್ಸಿನ ಟ್ರಾನ್ಸ್ ಗೆಳತಿಯರಲ್ಲಿ ಇದು ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಬಂದ ಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿದೆ.

ಡಾಕ್ಟರಮ್ಮ ಅತ್ತಿಗೆಗೂ ಸ್ಕ್ಯಾನ್ ಬರೆದುಕೊಟ್ಟರು. "ನಾನೆಂತಕ್ಕೆ, ಬಿದ್ದದ್ದು ಇವಳು" ಅಂತ ವಾದಿಸಿದರು. ನಾನು ಬಿಡಲಿಲ್ಲ. ಅವರದು ಮೈನಸ್ 3.1 ಬಂತು. ಈಗ ರಾತ್ರಿ ಊಟವಾದ ಮೇಲೆ ಒಂದೇ ಡಬ್ಬಿಯಿಂದ ಇಬ್ಬರೂ ಕ್ಯಾಲ್ಸಿಯಂ ನುಂಗುತ್ತೇವೆ. ಮಳೆಗಾಲದಲ್ಲಿ ಅಂಗಳದ ಪಾಚಿ ಕೆರೆಸುವ ಕೆಲಸವನ್ನು ಅಣ್ಣನಿಗೆ ವಹಿಸಿದ್ದೇವೆ.