ಈ ಮಳೆಯೂರಲ್ಲಿ ವಿಡಿಯೋ ಕ್ಯಾಸೆಟ್ ಯಾಕೆ ಕೂಡಿಡ್ತೀರಿ?

ಎಲ್ಲರೂ ಕೇಳುವುದು ಇದನ್ನೇ. ಸಿನಿಮಾ ಎಲ್ಲ ಫೋನಿನಲ್ಲೇ ಸಿಗುತ್ತದೆ, ವಿಎಚ್‌ಎಸ್ ಕ್ಯಾಸೆಟ್ಟಿನ ಚಿತ್ರ ನೋಡಿದರೆ ಮಸುಕು, ಸಾಲದ್ದಕ್ಕೆ ಕೊಡಗಿನ ಮಳೆಗೆ ಬೂಷ್ಟು ಬೇರೆ. ಮತ್ತೆ ಯಾಕೆ ಈ ಕಪ್ಪು ಡಬ್ಬಿಗಳ ಸಹವಾಸ?

ಚಿತ್ರ ಮಸುಕೆನ್ನುವುದು ನಿಜವೇ. ಹಳೆಯ ಟೇಪಿನ ಬಣ್ಣದಲ್ಲಿ ಏನೋ ಸೊಗಸಿದೆ ಎಂದು ಹೊಗಳುವವರಿದ್ದಾರೆ. ಆ ಮಾತನ್ನು ನಾವು ಒಪ್ಪುವುದಿಲ್ಲ. ನಮ್ಮನ್ನು ಹಿಡಿದಿಟ್ಟಿರುವುದು ಬೇರೆ: ಈ ಯಂತ್ರದಲ್ಲಿ ಏನು ಕೆಟ್ಟಿದೆಯೆಂದು ತೆರೆ ನೋಡಿಯೇ ಹೇಳಬಹುದು, ಮುಚ್ಚಳ ಬಿಚ್ಚಿ ಕೈಯಾರೆ ಸರಿಮಾಡಬಹುದು.

ಡೆಕ್ಕಿನೊಳಗೆ, ಅಂದರೆ ಕ್ಯಾಸೆಟ್ ಓಡಿಸುವ ಯಂತ್ರದೊಳಗೆ, 62 ಮಿ.ಮೀ. ವ್ಯಾಸದ ಡ್ರಮ್ಮು ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್‌ನಲ್ಲಿ ಸೆಕೆಂಡಿಗೆ 25 ಸುತ್ತು ಹಾಕುತ್ತದೆ. ಅದರ ಮೇಲಿನ, ಚಿತ್ರ ಓದುವ ಎರಡು ಹೆಡ್ಡುಗಳು ಅರ್ಧ ಇಂಚಿನ ಟೇಪಿನ ಮೇಲೆ ಓರೆಯಾಗಿ ಗೆರೆ ಎಳೆಯುತ್ತ ಹೋಗುತ್ತವೆ. ಟೇಪು ಮಾತ್ರ ನಿಧಾನ, ಸೆಕೆಂಡಿಗೆ ಎರಡೂಕಾಲು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಮಾಮೂಲಿ ಡೆಕ್ಕುಗಳಲ್ಲಿ ಧ್ವನಿ ಓದುವ ಹೆಡ್ಡು ಬೇರೆ. ಅದು ತಿರುಗುವುದಿಲ್ಲ, ಟೇಪಿನ ಅಂಚನ್ನಷ್ಟೇ ಓದುತ್ತದೆ. ಹಾಗಾಗಿ ತೆರೆ ತುಂಬ ಚುಕ್ಕಿ ಕುಣಿಯುತ್ತಿದ್ದು ಮಾತು ಮಾತ್ರ ಸ್ಪಷ್ಟವಾಗಿ ಕೇಳುತ್ತಿದ್ದರೆ ಡ್ರಮ್ಮಿನ ಹೆಡ್ಡು ಕೊಳೆಯಾಗಿದೆ ಎಂದೇ ಅರ್ಥ. ಮೇಲೋ ಕೆಳಗೋ ಒಂದು ಪಟ್ಟಿ ಮಾತ್ರ ಕಲಕಿದ್ದು, ಡೆಕ್ಕಿನ ಟ್ರ್ಯಾಕಿಂಗ್ ಗುಂಡಿ ತಿರುಗಿಸಿದರೂ ಹೋಗದಿದ್ದರೆ ಟೇಪಿಗೆ ದಾರಿ ತೋರುವ ಗೈಡು ಸರಿದಿದೆ. ಟೇಪು ಕಚ್ಚಿಕೊಂಡರೆ ಜನ ಕ್ಯಾಸೆಟ್ಟನ್ನೇ ಬೈಯುತ್ತಾರೆ. ಬಹಳಷ್ಟು ಸಲ ತಪ್ಪು ರೀಲನ್ನು ತಿರುಗಿಸುವ ಐಡ್ಲರ್ ಚಕ್ರದ ರಬ್ಬರಿನದು: ಅದು ಗಟ್ಟಿಯಾಗಿ ಜಾರಿದಾಗ ಸುತ್ತಿಕೊಳ್ಳಬೇಕಾದ ರೀಲು ನಿಂತುಬಿಡುತ್ತದೆ, ಟೇಪನ್ನು ಮುಂದಕ್ಕೆ ಸಾಗಿಸುವ ಕಡ್ಡಿ, ಕ್ಯಾಪ್‌ಸ್ಟನ್, ಮಾತ್ರ ತಳ್ಳುತ್ತಲೇ ಇರುತ್ತದೆ, ಒಳಗೆ ಗಂಟು ಬೀಳುತ್ತದೆ. ಪುಟ್ಟ ರಬ್ಬರ್ ಬಳೆ ಬದಲಿಸಿದರೆ ಆಯಿತು.

ಇನ್ನೊಂದು ಕಾರಣ, ಒಳಗಿರುವ ಸರಕು. ಸಿನಿಮಾ ಕ್ಯಾಸೆಟ್ಟಿಗೆ ನಾವು ಅಷ್ಟು ಬೆಲೆ ಕೊಡುವುದಿಲ್ಲ. ಆದರೆ 80–90ರ ದಶಕದ ಕೊಡವ ಮದುವೆ ಕ್ಯಾಸೆಟ್ಟಿನಲ್ಲಿ ಗಂಗೆಪೂಜೆ ಮುಗಿಸಿ ನೀರು ಹೊತ್ತು ಬರುವ ಮದುಮಗಳಿಗೆ ಅಡ್ಡವಾಗಿ ನೆಂಟರು ವಾಲಗಕ್ಕೆ ಕುಣಿಯುವುದು ಕತ್ತರಿ ಬೀಳದೆ ಪೂರ್ತಿ ಇರುತ್ತದೆ. ಅದು ಬೇರೆಲ್ಲೂ ಸಿಗುವುದಿಲ್ಲ.

ಈಗ ಬೂಷ್ಟಿನ ವಿಷಯ. ಕ್ಯಾಸೆಟ್ಟಿನ ಪುಟ್ಟ ಕಿಟಕಿಯೊಳಗೆ ಟಾರ್ಚ್ ಬಿಡಿ. ಟೇಪಿನ ಸುರುಳಿ ನುಣ್ಣಗೆ ಕಪ್ಪಾಗಿದ್ದರೆ ಸರಿ. ಬಿಳಿ ಪುಡಿ, ಬಿಳಿ ಎಳೆ ಕಂಡರೆ ಯಾವ ಕಾರಣಕ್ಕೂ ಡೆಕ್ಕಿಗೆ ಹಾಕಬೇಡಿ. ಒಂದು ಕ್ಯಾಸೆಟ್ಟಿನ ಬೂಷ್ಟು ಡ್ರಮ್ಮಿಗೆ ಹತ್ತಿ, ಅಲ್ಲಿಂದ ಮುಂದಿನ ಎಲ್ಲ ಕ್ಯಾಸೆಟ್ಟಿಗೂ ಹರಡುತ್ತದೆ. ಒದ್ದೆ ಬೂಷ್ಟನ್ನು ಒರೆಸಿದರೆ ಮೆತ್ತಿಕೊಳ್ಳುವುದೇ ಹೊರತು ಹೋಗುವುದಿಲ್ಲ. ಅದಕ್ಕೇ ಮೊದಲು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಎರಡು ವಾರ ಇಟ್ಟು ಒಣಗಿಸಬೇಕು. ಕಾಫಿ ಜೊತೆ ಕಣದಲ್ಲಿ ಬಿಸಿಲಿಗೆ ಹರಡುವವರಿದ್ದಾರೆ, ದಯವಿಟ್ಟು ಬೇಡ. ಬಿಸಿಲಿಗೆ ಡಬ್ಬಿ ಸೊಟ್ಟಗಾಗುತ್ತದೆ, ಟೇಪು ಸುಕ್ಕಾಗುತ್ತದೆ.

ಒಣಗಿದ ಮೇಲೆ ಎನ್95 ಮಾಸ್ಕು, ಕೈಗವಸು ಹಾಕಿಕೊಂಡು ಮನೆಯ ಹೊರಗೆ ಕೂತು ಕೆಲಸ ಮಾಡಿ. ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ವಿಎಚ್‌ಎಸ್ ಡಬ್ಬಿಗೆ ಅಡಿಯಲ್ಲಿ ಐದು ಸ್ಟಾರ್ ಸ್ಕ್ರೂ. ಬಿಚ್ಚಿ, ಎರಡೂ ಹೋಳನ್ನು ಒತ್ತಿ ಹಿಡಿದು ಮಗುಚಿ, ಮುಂದಿನ ಬಾಗಿಲು ಎತ್ತಿ ಮೇಲಿನ ಹೋಳು ತೆಗೆಯಿರಿ. ಟೇಪು ಯಾವ ಉರುಳೆಯ ಯಾವ ಬದಿಗೆ ಹಾದಿದೆಯೆಂದು ಫೋಟೋ ಹೊಡೆದುಕೊಳ್ಳಿ, ಆಮೇಲೆ ತಲೆ ಕೆಡುವುದಿಲ್ಲ. ಎರಡೂ ರೀಲನ್ನು ಒಟ್ಟಿಗೇ ಎತ್ತಿ, 99% ಐಸೋಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪವೇ ತಾಗಿಸಿದ, ಎಳೆ ಬಿಡದ ಬಟ್ಟೆಯಿಂದ ಸುರುಳಿಯ ಬದಿ ಒರೆಸಿ, ಬೇರೆ ಶುದ್ಧ ಡಬ್ಬಿಗೆ ಹಾಕಿ. ಮೆಡಿಕಲ್ ಶಾಪಿನ 70%ದ್ದು ತರಬೇಡಿ, ಅದರಲ್ಲಿ ನೀರಿನ ಪಾಲು ಜಾಸ್ತಿ. ಬೂಷ್ಟಿನ ಟೇಪಿಗೆಂದೇ ಒಂದು ಹಳೆ ಡೆಕ್ಕು ಪ್ರತ್ಯೇಕ ಇರಲಿ. ಅದರಲ್ಲಿ ಪೂರ್ತಿ ಒಮ್ಮೆ ಮುಂದೆ, ಒಮ್ಮೆ ಹಿಂದೆ ಓಡಿಸಿದ ಮೇಲೆಯೇ ಒಳ್ಳೆಯದಕ್ಕೆ ಹಾಕುವುದು.

ಹೆಡ್ಡು ಒರೆಸಲು ಹತ್ತಿಕಡ್ಡಿ ಬೇಡವೇ ಬೇಡ, ಎಳೆ ಸಿಕ್ಕಿಕೊಂಡು ಹೆಡ್ಡಿನ ತುದಿ ಮುರಿಯುತ್ತದೆ. ಬಿಳಿ ಹಾಳೆಯ ತುಂಡಿಗೆ ಅದೇ ಆಲ್ಕೋಹಾಲ್ ಹಚ್ಚಿ ಡ್ರಮ್ಮಿಗೆ ಮೆಲ್ಲಗೆ ಆನಿಸಿ ಹಿಡಿಯಿರಿ. ಹಾಳೆ ಅಲ್ಲಾಡಬಾರದು, ಇನ್ನೊಂದು ಕೈಯಿಂದ ಡ್ರಮ್ಮಿನ ತಲೆ ಹಿಡಿದು ಅದನ್ನೇ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡು ಹೋಯಿತೆಂದೇ ಲೆಕ್ಕ.

ಕಕ್ಕಡದ (ಜುಲೈ–ಆಗಸ್ಟಿನ ಕೊಡವ ತಿಂಗಳು) ಮಳೆಯಲ್ಲಿ ತಣ್ಣಗಿನ ಕೋಣೆಯಿಂದ ಬೆಚ್ಚಗಿನ ಕೋಣೆಗೆ ತಂದ ಡೆಕ್ಕನ್ನು ಕೂಡಲೇ ಹಾಕಬೇಡಿ. ಡ್ರಮ್ಮಿನ ಮೇಲೆ ಪಸೆ ಕೂತಿದ್ದರೆ ಟೇಪು ಅದಕ್ಕೇ ಅಂಟಿಕೊಳ್ಳುತ್ತದೆ. ಎರಡು ಗಂಟೆ ಕಾಯಿರಿ. ಕ್ಯಾಸೆಟ್ ಇಡಲು ಮರದ ಬೀರು ಎಲ್ಲಕ್ಕಿಂತ ಕೆಟ್ಟ ಜಾಗ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಆದರೆ ಮಸಿ, ಶಾಖ. ರಬ್ಬರ್ ಅಂಚಿನ ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆ ತನ್ನಿ. ಇಪ್ಪತ್ತು ಕ್ಯಾಸೆಟ್ಟಿಗೆ ಅರ್ಧ ಕಿಲೋ ಸಿಲಿಕಾ ಜೆಲ್, ಒಳಗೊಂದು ತೇವಾಂಶ ಮಾಪಕ. ಮುಳ್ಳು 40% ಆಸುಪಾಸು ಇರಲಿ. ಟೇಪನ್ನು ಒಂದು ತುದಿಗೆ ಪೂರ್ತಿ ಸುತ್ತಿ, ಪುಸ್ತಕದಂತೆ ನಿಲ್ಲಿಸಿಡಿ. ಜೆಲ್ ಬಣ್ಣ ಬದಲಿಸಿದಾಗ ಓವನ್ನಿನಲ್ಲಿ 110–120 ಡಿಗ್ರಿಗೆ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ಬಿಚ್ಚುವ, ಒರೆಸುವ ಕೆಲಸವನ್ನೆಲ್ಲ ಫೆಬ್ರವರಿ, ಮಾರ್ಚಿಗೇ ಇಟ್ಟುಕೊಳ್ಳಿ. ಕುಶಾಲನಗರದ ಕಡೆಯವರಿಗೆ ಈ ಕಷ್ಟ ಸ್ವಲ್ಪ ಕಡಿಮೆ.

ಕೊಳ್ಳುವಾಗ ಮೋಸಹೋಗುವುದು ಅಡಾಪ್ಟರಿನಲ್ಲಿ. ಚಿಕ್ಕ ವಿಎಚ್‌ಎಸ್-ಸಿ ಕ್ಯಾಸೆಟ್ಟು ಅಡಾಪ್ಟರಿನಲ್ಲಿ ಕೂತು ದೊಡ್ಡ ಡೆಕ್ಕಿನಲ್ಲಿ ಓಡುತ್ತದೆ. 8 ಎಂ.ಎಂ. ಕ್ಯಾಮೆರಾ ಕ್ಯಾಸೆಟ್ಟಿಗೆ ಅಂಥ ಅಡಾಪ್ಟರ್ ಇಲ್ಲವೇ ಇಲ್ಲ. ಟೇಪಿನ ಅಗಲವೇ ಬೇರೆ, ಅದಕ್ಕೆ ಅದೇ ಜಾತಿಯ ಕ್ಯಾಮೆರಾ ಇಲ್ಲವೇ ಡೆಕ್ಕು ಬೇಕು. ಅಮೆರಿಕದ ನೆಂಟರು ಕಳಿಸಿದ ಕ್ಯಾಸೆಟ್ ಅಲ್ಲಿನ ಎನ್‌ಟಿಎಸ್‌ಸಿ ಪದ್ಧತಿಯದಾಗಿರುತ್ತದೆ, ಎರಡೂ ಪದ್ಧತಿ ಓದುವ ಮಲ್ಟಿಸಿಸ್ಟಮ್ ಡೆಕ್ಕೇ ಆಗಬೇಕು. ವಿಸಿಡಿ ಸುಲಭ: ಕಂಪ್ಯೂಟರಿಗೆ ಹಾಕಿ ಎಂಪಿಇಜಿಎವಿ (MPEGAV) ಫೋಲ್ಡರಿನ ಡ್ಯಾಟ್ (.DAT) ಫೈಲನ್ನು ಎತ್ತಿಕೊಂಡರಾಯಿತು. ಅಡಿಭಾಗದ ಗೀರನ್ನು ಪಾಲಿಶ್ ಮಾಡಬಹುದು, ಹೆಸರು ಬರೆದ ಬದಿ ಕೆರೆದಿದ್ದರೆ ಆಸೆ ಬಿಡಿ.

ಹಳೇ ಡೆಕ್ಕು ಕೊಳ್ಳಲು ಹೋಗುವಾಗ ಕಳೆದುಹೋದರೂ ಬೇಸರವಿಲ್ಲದ ಒಂದು ಕ್ಯಾಸೆಟ್ ಜೊತೆಗಿರಲಿ. ಅರ್ಧದವರೆಗೆ ಓಡಿಸಿ, ರೀವೈಂಡ್ ಮಾಡಿಸಿ, ಹೊರತೆಗೆದು ಟೇಪಿನ ಅಂಚು ನೋಡಿ. ಅಂಚು ಮಡಿಚಿ ಬಂದಿದ್ದರೆ, ಮಾರುವವರು ಎಷ್ಟೇ ಇಳಿಸಿ ಕೊಟ್ಟರೂ ಬೇಡ.